ಕಂಪ್ಯೂಟರ್ ನಿಮ್ಮದು, ಬಯಾಸ್ ಬಾಗಿಲು ಮಾತ್ರ ತೆರೀತಿಲ್ಲ, ಯಾಕೆ?

ಹೊಸ ಡೆಸ್ಕ್‌ಟಾಪ್ ಮನೆಗೆ ಬಂದಿದೆ. ವಿಂಡೋಸ್ 11 ಅಂಗಡಿಯಲ್ಲೇ ಹಾಕಿ ಕೊಟ್ಟಿದ್ದಾರೆ. ನಿಮಗೆ ಅದರ ಜೊತೆಗೆ ಉಬುಂಟು ಹಾಕಬೇಕು ಅಂತಿದೆ. ಪೆನ್‌ಡ್ರೈವ್ ಸಿಕ್ಕಿಸಿ, ಪವರ್ ಆನ್ ಮಾಡಿ ಡಿಲೀಟ್ ಒತ್ತುತ್ತೀರಿ. ಆಗಲ್ಲ. ಎಫ್2 ಒತ್ತುತ್ತೀರಿ. ಅದೂ ಆಗಲ್ಲ. ಮೂರನೇ ಸಲ ಸಿಟ್ಟಲ್ಲಿ ಕೀಬೋರ್ಡಿನ ಮೇಲಿನ ಸಾಲನ್ನೇ ಪೂರ್ತಿ ಕುಟ್ಟಿದರೂ ಕಂಪನಿಯ ಲೋಗೋ ಒಂದು ಕ್ಷಣ ಮಿಂಚಿ ನೇರ ವಿಂಡೋಸ್ ಲಾಗಿನ್. ಅಷ್ಟೊತ್ತಿಗೆ ಪಕ್ಕದಲ್ಲಿದ್ದವರು ‘ಮದರ್‌ಬೋರ್ಡ್ ಹೋಗಿದೆ’ ಅಂತ ತೀರ್ಪು ಕೊಟ್ಟಿರ್ತಾರೆ. ಬಹುತೇಕ ಸಲ ಅದು ಹೋಗಿರೋದಿಲ್ಲ.

ನೀವು ಹುಡುಕುತ್ತಿರುವ ಆ ಪರದೆ ವಿಂಡೋಸಿನದಲ್ಲ. ಪವರ್ ಬಟನ್ ಒತ್ತಿದ ತಕ್ಷಣ ಮೊದಲು ಓಡುವುದು ಮದರ್‌ಬೋರ್ಡ್ ಮೇಲಿನ ಚಿಪ್‌ನಲ್ಲಿರುವ ಒಂದು ಪುಟ್ಟ ಪ್ರೋಗ್ರಾಂ. 1981ರ ಐಬಿಎಂ ಪಿಸಿ ಕಾಲದಿಂದ ಅದನ್ನು ಬಯಾಸ್ ಅಂತ ಕರೆಯುತ್ತಾ ಬಂದಿದ್ದೇವೆ. ಈಗ ಅದರ ಜಾಗಕ್ಕೆ ಯುಇಎಫ್‌ಐ ಬಂದಿದೆ, ಹಳೇ ಹೆಸರು ಮಾತ್ರ ಬಿಟ್ಟಿಲ್ಲ. ಮೆಮೊರಿ ಇದೆಯಾ, ಡಿಸ್ಕ್ ಇದೆಯಾ ನೋಡಿ, ಮುಂದಿನ ಅಧಿಕಾರ ಯಾರಿಗೆ ಅಂತ ನಿರ್ಧರಿಸುವುದು ಇದೇ. ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಇದು ಒಪ್ಪಿದ ಮೇಲೆ ಒಳಗೆ ಬರುವವು. ನಾಲ್ಕು ವರ್ಷ ಇಂಜಿನಿಯರಿಂಗ್ ಓದುವಾಗ ನಮಗೆ ಮೈಕ್ರೋಪ್ರೊಸೆಸರ್ ಲ್ಯಾಬಲ್ಲಿ ಏನೇನೋ ಬರೆಸಿದರು, ಈ ಪರದೆಯನ್ನು ಮಾತ್ರ ಯಾರೂ ತೋರಿಸಲಿಲ್ಲ ಅನ್ನೋದು ಬೇರೆ ಮಾತು.

ಬಾಗಿಲು ತೆರೆಯದಿರಲು ಮುಖ್ಯ ಕಾರಣ ವೇಗ. 2012ರಲ್ಲಿ ವಿಂಡೋಸ್ 8 ಜೊತೆ ‘ಫಾಸ್ಟ್ ಸ್ಟಾರ್ಟಪ್’ ಬಂತು. ಅಲ್ಲಿಂದೀಚೆಗೆ ನೀವು ಶಟ್‌ಡೌನ್ ಒತ್ತಿದರೂ ಕಂಪ್ಯೂಟರ್ ಪೂರ್ತಿ ಮಲಗಲ್ಲ. ವಿಂಡೋಸ್ ತನ್ನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎದ್ದು ಬರುತ್ತೆ. ಇದರ ಜೊತೆ ಮದರ್‌ಬೋರ್ಡಿನದೇ ‘ಫಾಸ್ಟ್ ಬೂಟ್’ ಇರುತ್ತೆ. ಸಮಯ ಉಳಿಸಲು ಅದು ಯುಎಸ್‌ಬಿ ಸಾಧನಗಳನ್ನು ಎಬ್ಬಿಸದೆಯೇ ಮುಂದೆ ಹೋಗಬಹುದು. ಕೀಬೋರ್ಡೇ ಎದ್ದಿಲ್ಲ ಅಂದ್ಮೇಲೆ ನೀವು ಒತ್ತಿದ್ದು ಯಾರಿಗೆ ಕೇಳಿಸಬೇಕು?

ಹಾಗಾಗಿ ಹೊರಗಿಂದ ಬಾಗಿಲು ಬಡಿಯೋದು ಬಿಟ್ಟು, ವಿಂಡೋಸ್ ಒಳಗಿಂದಲೇ ಹೋಗಿ. ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆ ಬರುತ್ತೆ. ಅಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ‘ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್’. ಹೆಚ್ಚಿನವರ ಕೆಲಸ ಇಲ್ಲಿಗೇ ಮುಗಿಯುತ್ತೆ. ಒಳಗೆ ಹೋದ ಕೂಡಲೇ ಫಾಸ್ಟ್ ಬೂಟ್ ಆಫ್ ಮಾಡಿಬಿಡಿ, ಮುಂದಿನ ಸಲ ಕೀ ಒತ್ತಿದರೆ ಸಾಕಾಗುತ್ತೆ. ಆ ಆಯ್ಕೆಯೇ ಕಾಣಿಸದಿದ್ದರೆ, ಸಾಮಾನ್ಯವಾಗಿ ವಿಂಡೋಸನ್ನು ಹಳೇ ‘ಲೆಗಸಿ’ ವಿಧಾನದಲ್ಲಿ ಹಾಕಿದ್ದಾರೆ ಅಂತರ್ಥ.

ವಿಂಡೋಸೇ ಇಲ್ಲದ, ಎಸ್.ಪಿ. ರೋಡಿನಲ್ಲಿ ಬಿಡಿಭಾಗ ತಂದು ಜೋಡಿಸಿದ ಯಂತ್ರವಾದರೆ ಕೀಬೋರ್ಡ್ ಮತ್ತು ಮಾನಿಟರ್ ಮೇಲೆ ಅನುಮಾನ ಪಡಿ. ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಈ ಹಂತದಲ್ಲಿ ಕೆಲಸಕ್ಕೆ ಬರಲ್ಲ. ಯಾರದ್ದಾದರೂ ಹಳೇ ವೈರಿನ ಕೀಬೋರ್ಡ್ ತಂದು ಹಿಂಬದಿಯ ಪೋರ್ಟಿಗೆ ಸಿಕ್ಕಿಸಿ. ಕೀಯನ್ನು ಅದುಮಿ ಹಿಡಿಯಬೇಡಿ, ಬಿಟ್ಟು ಬಿಟ್ಟು ಒತ್ತಿ. ಜೋಡಿಸಿದ ಯಂತ್ರಗಳಲ್ಲಿ ಹೆಚ್ಚಾಗಿ ಡಿಲೀಟ್ ಅಥವಾ ಎಫ್2, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್10, ಲೆನೊವೊದ ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿ ಎಫ್1. ಕೆಲವೊಮ್ಮೆ ಬಯಾಸ್ ತೆರೆದೇ ಇರುತ್ತೆ, ನಿಮಗೆ ಕಾಣಿಸ್ತಿರಲ್ಲ ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹಾಕಬೇಕು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗ್ರಾಫಿಕ್ಸ್ ಇರಲ್ಲ, ಮದರ್‌ಬೋರ್ಡಿನ ಎಚ್‌ಡಿಎಂಐಗೆ ಎಷ್ಟು ಸಲ ಸಿಕ್ಕಿಸಿದರೂ ಕತ್ತಲೆಯೇ.

ಇದೆಲ್ಲ ಆದಮೇಲೂ ಆಗದಿದ್ದರೆ ಉಳಿಯುವುದು ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು, ಸೆಟ್ಟಿಂಗ್ಸನ್ನು ಕಾರ್ಖಾನೆಯ ಸ್ಥಿತಿಗೆ ತರುವುದು. ಮೊದಲು ಪ್ಲಗ್ ಕೀಳಿ. ಆದರೆ ಯೂಟ್ಯೂಬ್ ನೋಡಿ ತಕ್ಷಣ ಅದಕ್ಕೆ ಕೈ ಹಾಕುವ ಮುಂಚೆ ಒಂದು ವಿಷಯ. ವಿಂಡೋಸ್ 11ರ 2024ರ ಆವೃತ್ತಿಯಿಂದ ಹೊಸ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಲಾಗಿನ್ ಆದರೆ ಡಿಸ್ಕ್ ಬಹುಮಟ್ಟಿಗೆ ತಾನಾಗಿಯೇ ಎನ್‌ಕ್ರಿಪ್ಟ್ ಆಗಿಬಿಡುತ್ತೆ. ಬಯಾಸ್ ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಇಲ್ಲ ಅಂದರೆ ಫೋಟೊ, ಪ್ರಾಜೆಕ್ಟ್, ಎಲ್ಲ ಹೋಯ್ತು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತೆ, ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇಲ್ಲಿವರೆಗಿನದ್ದು ತಾಂತ್ರಿಕ ತೊಡಕು. ಬಯಾಸ್ ತೆರೆದು, ಪಾಸ್‌ವರ್ಡ್ ಕೇಳಿತು ಅಂದರೆ ವಿಷಯವೇ ಬೇರೆ. ಕಚೇರಿಗಳು ತಮ್ಮ ಯಂತ್ರಗಳಿಗೆ ಹೀಗೆ ಬೀಗ ಹಾಕುವುದರಲ್ಲಿ ತಪ್ಪಿಲ್ಲ. ಅದೇ ಯಂತ್ರಗಳು ಗುಜರಿಗೆ ಹೋಗಿ, ಒರೆಸಿ ಪಾಲಿಶ್ ಆಗಿ, ‘ಹೊಸದರ ಹಾಗೇ ಇದೆ ಸಾರ್’ ಅಂತ ಮಾರಾಟವಾದಾಗ ಬೀಗವೂ ಜೊತೆಗೇ ಬರುತ್ತೆ. ಕಚೇರಿಗಳಿಗೆಂದೇ ಮಾಡಿದ ಹಲವು ಮಾದರಿಗಳಲ್ಲಿ ಬ್ಯಾಟರಿ ತೆಗೆದರೂ ಈ ಪಾಸ್‌ವರ್ಡ್ ಅಳಿಯಲ್ಲ. ತಯಾರಕರ ಹತ್ತಿರ ಹೋದರೆ ಖರೀದಿಯ ದಾಖಲೆ ತನ್ನಿ ಅಂತಾರೆ. ದುಡ್ಡು ಕೊಟ್ಟವರು ನೀವು, ಯಂತ್ರದೊಳಗೆ ಯಾರನ್ನು ಬಿಡಬೇಕು ಅಂತ ಹೇಳುವವರು ಮಾತ್ರ ಎಲ್ಲೋ ಇರುವ ಹಳೇ ಐಟಿ ವಿಭಾಗದವರು.

ಕಂಪನಿಗಳ ಮಟ್ಟದಲ್ಲೂ ಇದೇ ಜಗಳ ನಡೆದಿದೆ. ವಿಂಡೋಸ್ 8 ಜೊತೆಗೇ ‘ಸೆಕ್ಯೂರ್ ಬೂಟ್’ ಕಡ್ಡಾಯವಾಯ್ತು: ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಬೇಕು, ಬಹುಪಾಲು ಬೋರ್ಡ್‌ಗಳಲ್ಲಿ ಆ ಸಹಿ ಮೈಕ್ರೋಸಾಫ್ಟ್‌ದು. ವೈರಸ್ ತಡೆಯಲು ಇದು ನಿಜಕ್ಕೂ ಉಪಯೋಗ, ಇಲ್ಲ ಅನ್ನಲ್ಲ. ಮುಕ್ತ ಸಾಫ್ಟ್‌ವೇರ್‌ನವರು ಗಲಾಟೆ ಎಬ್ಬಿಸಿದರು. ಮಾಮೂಲಿ ಪಿಸಿಗಳಲ್ಲಿ ಬಳಕೆದಾರರು ಅದನ್ನು ಆಫ್ ಮಾಡುವ ಅವಕಾಶ ಇರಲೇಬೇಕು ಅಂತ ಮೈಕ್ರೋಸಾಫ್ಟ್ ಆಗ ಷರತ್ತು ಹಾಕಿತ್ತು. ಎಆರ್‌ಎಂ ಚಿಪ್‌ನ ಯಂತ್ರಗಳಲ್ಲಿ ಉಲ್ಟಾ, ಆ ಅವಕಾಶ ಇರಲೇಬಾರದು ಅಂತ. 2015ರಲ್ಲಿ ವಿಂಡೋಸ್ 10 ಬರುವಾಗ ಪಿಸಿಗಳ ಮೇಲಿನ ಷರತ್ತನ್ನೂ ಸಡಿಲಿಸಿ ತಯಾರಕರ ಇಷ್ಟಕ್ಕೆ ಬಿಟ್ಟರು. ಅಂದರೆ ಆ ಸ್ವಿಚ್ ಇವತ್ತು ನಿಮ್ಮ ಯಂತ್ರದಲ್ಲಿದ್ದರೆ ಅದು ಕಂಪನಿಯ ಔದಾರ್ಯ, ನಿಮ್ಮ ಹಕ್ಕಲ್ಲ. ಸಮಾಧಾನದ ವಿಷಯ ಅಂದರೆ ಉಬುಂಟು, ಫೆಡೋರಾ ತರದವು ಮೈಕ್ರೋಸಾಫ್ಟ್ ಸಹಿಯ ಒಂದು ಪುಟ್ಟ ಲೋಡರ್ ಇಟ್ಟುಕೊಂಡೇ ಬರುತ್ತವೆ; ಸೆಕ್ಯೂರ್ ಬೂಟ್ ಆನ್ ಇದ್ದರೂ ಸಾಮಾನ್ಯವಾಗಿ ಓಡುತ್ತವೆ. ಮೊದಲು ಹಾಗೇ ಪ್ರಯತ್ನಿಸಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿದೆ. ಟಿಪಿಎಂ 2.0 ಇಲ್ಲ ಅನ್ನುವ ಕಾರಣಕ್ಕೆ ಗಟ್ಟಿಮುಟ್ಟಾದ ಯಂತ್ರಗಳು ಗುಜರಿ ದಾರಿ ಹಿಡಿದಿವೆ. ಅದರಲ್ಲಿ ಕೆಲವಕ್ಕೆ ಟಿಪಿಎಂ ಇರುತ್ತೆ, ಬಯಾಸಿನಲ್ಲಿ ‘ಇಂಟೆಲ್ ಪಿಟಿಟಿ’ ಅಥವಾ ‘ಎಎಂಡಿ ಎಫ್‌ಟಿಪಿಎಂ’ ಹೆಸರಲ್ಲಿ ಆಫ್ ಆಗಿ ಕೂತಿರುತ್ತೆ. ಉಳಿದವಕ್ಕೆ ಲಿನಕ್ಸ್ ಹಾಕಬೇಕಾದರೂ ಇದೇ ಪರದೆ ಬೇಕು.

ಹಾಗಾಗಿ ಅಂಗಡಿಯಲ್ಲಿ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಅಂತ ಕೇಳಿದಮೇಲೆ ಇನ್ನೊಂದು ಮಾತು ಹೇಳಿ: ‘ಬಯಾಸ್ ತೆಗೆದು ತೋರಿಸಿ.’ ಎರಡು ನಿಮಿಷದ ಕೆಲಸ. ಪಾಸ್‌ವರ್ಡ್ ಕೇಳಿದರೆ ಅಲ್ಲೇ ತೆಗೆಸಿ, ಆಗಲ್ಲ ಅಂದರೆ ಆ ಯಂತ್ರ ಬಿಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ನಾಳೆ ತಯಾರಕರ ಮುಂದೆ ಈ ಕಂಪ್ಯೂಟರ್ ನಿಮ್ಮದು ಅಂತ ತೋರಿಸಲು ಬೇಕಾಗುವುದು ಆ ಚೀಟಿಯೇ.