ಹಿಂಬದಿಯ ಲೆಕ್ಕ

ಕಸೂತಿ ಬಲ್ಲವರ ಕೈಗೆ ಒಂದು ಸೆರಗು ಕೊಟ್ಟು ನೋಡಿ. ತೇರು, ಗೋಪುರ, ಅಂಬಾರಿ ಹೊತ್ತ ಆನೆಗಳ ಮೇಲೆ ಒಮ್ಮೆ ಕಣ್ಣಾಡಿಸಿ ಕೂಡಲೇ ಬಟ್ಟೆಯನ್ನು ತಿರುವಿ ಹಾಕುತ್ತಾರೆ. ಕೆಲಸ ಹೇಗಿದೆ ಎಂಬ ಮಾತು ಬರುವುದು ಹಿಂಬದಿ ನೋಡಿದ ಮೇಲೆಯೇ. ಅಲ್ಲಿ ಗಂಟು ಇರಬಾರದು. ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರಿದ ಉದ್ದ ದಾರ ಇರಬಾರದು. ಗವಂತಿ ಹೊಲಿಗೆಯ ಕೆಲಸವಾಗಿದ್ದರೆ ಯಾವುದು ಮುಂಬದಿ, ಯಾವುದು ಹಿಂಬದಿ ಎಂಬುದೇ ಗೊತ್ತಾಗಬಾರದು.

ಧಾರವಾಡ, ಹುಬ್ಬಳ್ಳಿ ಸೀಮೆಯ ಈ ಕಲೆಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಮೆಂತಿಯಲ್ಲಿ ದಾರ ಒಂದರ ಮೇಲೊಂದು ಓರೆಯಾಗಿ ಹಾಯ್ದು ಗುಣಾಕಾರದ ಗುರುತಿನಂತೆ ಕೂರುತ್ತದೆ. ನೇಯ್ಗಿ ನೋಡಲು ಮಗ್ಗದಲ್ಲೇ ನೇಯ್ದಂತಿರುವ ಉದ್ದ-ಗಿಡ್ಡ ಎಳೆಗಳ ಸಾಲು. ಇವೆರಡರಲ್ಲಿ ಹಿಂಬದಿ ಬೇರೆಯೇ ಕಾಣುತ್ತದೆ. ಮುರ್ಗಿ ಗವಂತಿಯ ಕುಲದ್ದೇ, ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಚಿತ್ರವನ್ನು ಮೊದಲು ಬಟ್ಟೆಯ ಮೇಲೆ ಬರೆದುಕೊಳ್ಳುವ ರೂಢಿ ಈ ಕಲೆಯಲ್ಲಿ ಇರಲಿಲ್ಲ, ಇಳಕಲ್ ಸೀರೆಯ ಹಾಸು-ಹೊಕ್ಕುಗಳ ಎಳೆ ಎಣಿಸಿಯೇ ಸೂಜಿ ಚುಚ್ಚುತ್ತಿದ್ದರು. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಗೆರೆಗಳಿಗೆ ಅಡ್ಡ, ಉದ್ದ, ಓರೆ ಬಿಟ್ಟರೆ ಬೇರೆ ದಿಕ್ಕಿಲ್ಲ. ಕಸೂತಿಯ ನವಿಲು ಮೂಲೆಮೂಲೆಯಾಗಿ ಕಾಣುವುದು ಈ ಕಾರಣಕ್ಕೆ. ಅದರ ಚೆಲುವೂ ಅಲ್ಲೇ ಇದೆ ಎಂದು ನನ್ನ ಅನಿಸಿಕೆ.

ಗವಂತಿ ಹಾಕುವ ಕ್ರಮ ಹೀಗೆ. ದಾರ ಒಂದು ಹೆಜ್ಜೆ ಬಟ್ಟೆಯ ಮೇಲೆ, ಮುಂದಿನ ಹೆಜ್ಜೆ ಬಟ್ಟೆಯ ಕೆಳಗೆ. ಹೋಗುವಾಗ ಅದು ಬರೀ ಕಚ್ಚಾ ಹೊಲಿಗೆ, ಒಂದು ಬಿಟ್ಟು ಒಂದು. ತುದಿ ಮುಟ್ಟಿ ಬಂದ ದಾರಿಯಲ್ಲೇ ಹಿಂದಿರುಗುವಾಗ ಬಿಟ್ಟ ಸಂದುಗಳು ತುಂಬುತ್ತವೆ. ಐದು ಹೆಜ್ಜೆಯ ಗೆರೆಯಾದರೆ ಹೋಗುವಾಗ 1, 3, 5 ಮೇಲೆ, 2 ಮತ್ತು 4 ಕೆಳಗೆ. ಬರುವಾಗ 5 ಕೆಳಗೆ, 4 ಮೇಲೆ, 3 ಕೆಳಗೆ, 2 ಮೇಲೆ, 1 ಕೆಳಗೆ. ಎರಡೂ ಬದಿಯಲ್ಲಿ ಐದೈದು ಹೊಲಿಗೆ, ಒಂದೇ ಗೆರೆ. ಯುರೋಪಿನಲ್ಲೂ ಇದೇ ಹೊಲಿಗೆ ಇತ್ತು. 16ನೇ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಕಾಲರು, ತೋಳಿನ ಅಂಚುಗಳ ಮೇಲೆ ಇದು ಕಾಣುವುದರಿಂದ ಅಲ್ಲಿ ಅವನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ.

ನೇರ ಗೆರೆಯಲ್ಲಿ ಕಷ್ಟವೇನಿಲ್ಲ. ಗೋಪುರಕ್ಕೆ ಕಳಶವಿದೆ, ಕಳಶಕ್ಕೆ ಎರಡು ಕವಲು, ತೇರಿಗೆ ಬಾವುಟ. ನಡುವೆ ಕವಲೊಡೆದರೆ ಏನು ಮಾಡಬೇಕು? ಹೊಸಬರು ಸಾಮಾನ್ಯವಾಗಿ ಮುಖ್ಯ ಗೆರೆ ಮುಗಿಸಿ ಕೊನೆಗೆ ಕವಲಿಗೆ ಬರೋಣ ಎಂದುಕೊಳ್ಳುತ್ತಾರೆ, ಆಗ ಅಲ್ಲಿಗೆ ತಲುಪಲು ಹಿಂಬದಿಯಲ್ಲಿ ದಾರ ಎಳೆದು ಸಿಕ್ಕಿಬೀಳುತ್ತಾರೆ. ಬಲ್ಲವರು ದಾರಿಯಲ್ಲಿ ಕವಲು ಸಿಕ್ಕ ಕೂಡಲೇ ಅದರೊಳಗೆ ಹೋಗಿ, ತುದಿ ಮುಟ್ಟಿ, ತುಂಬಿಕೊಂಡು ವಾಪಸು ಬಂದು, ಆಮೇಲೆ ಮುಖ್ಯ ಗೆರೆ ಹಿಡಿಯುತ್ತಾರೆ. ಲೆಕ್ಕ ತಪ್ಪುವುದಿಲ್ಲವೆ? ಇಲ್ಲ. ಕವಲಿನ ಉದ್ದ ಎಷ್ಟೇ ಇರಲಿ, ಹೋಗಿ ಬಂದದ್ದು ಅದರ ಎರಡರಷ್ಟು, ಎಂದರೆ ಯಾವಾಗಲೂ ಸಮಸಂಖ್ಯೆ. ಸಮಸಂಖ್ಯೆಯ ಹೆಜ್ಜೆಗಳ ನಂತರ ಮೇಲು-ಕೆಳಗಿನ ಸರದಿ ಮೊದಲಿದ್ದಂತೆಯೇ ಇರುತ್ತದೆ. ಕವಲಿನೊಳಗೆ ಇನ್ನೊಂದು ಕವಲಿದ್ದರೂ ಅದೇ ನ್ಯಾಯ.

ಸುತ್ತು ಬಂದಾಗ ಲೆಕ್ಕ ಸ್ವಲ್ಪ ತೊಡಕಾಗುತ್ತದೆ. ನಾಲ್ಕು ಹೊಲಿಗೆಯ ಒಂದು ಚೌಕ ತೆಗೆದುಕೊಳ್ಳಿ. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಒಂದು ಸುತ್ತು ಬಂದಿರಿ. ಅದೇ ದಿಕ್ಕಿನಲ್ಲಿ ಎರಡನೆಯ ಸುತ್ತು ಹೊರಟರೆ ಮೊದಲ ಬಾಹು ಮತ್ತೆ ಮೇಲೆಯೇ ಬೀಳುತ್ತದೆ, ಸಂದು ಸಂದಾಗಿಯೇ ಉಳಿಯುತ್ತದೆ. ಇಲ್ಲಿ ತಿರುಗಿ, ಬಂದ ದಿಕ್ಕಿಗೆ ಎದುರಾಗಿ ಹೋಗಬೇಕು. ಎರಡು ನೇರ ಬಾಹು, ಒಂದು ಓರೆ ಇರುವ ತ್ರಿಕೋನಕ್ಕೆ ಈ ತೊಂದರೆ ಇಲ್ಲ. ಮೂರು ಬೆಸಸಂಖ್ಯೆ, ಹಾಗಾಗಿ ಎರಡನೆಯ ಸುತ್ತು ತಾನಾಗಿಯೇ ಸಂದುಗಳ ಮೇಲೆ ಬಂದು ಕೂರುತ್ತದೆ. ಸುತ್ತುಗಳೂ ಕವಲುಗಳೂ ಹೆಣೆದುಕೊಂಡ ದೊಡ್ಡ ಚಿತ್ರಕ್ಕೆ ಒಂದು ಉಪಾಯ: ಯಾವ ಹೆಜ್ಜೆ ನಿಮ್ಮನ್ನು ಆಗಲೇ ಮುಟ್ಟಿದ ಬಿಂದುವಿಗೆ ಕರೆದೊಯ್ಯುತ್ತದೋ ಅದನ್ನು ಒಂದೇ ಹೆಜ್ಜೆಯ ಕವಲೆಂದು ಎಣಿಸಿ, ಹೋದ ಕೂಡಲೇ ಇನ್ನೊಂದು ಬದಿಯಿಂದ ಹಿಂದಿರುಗಿ, ಬೇರೆ ದಾರಿ ಹಿಡಿಯುವುದು. ಹೀಗೆ ಮಾಡಿದರೆ ಎಲ್ಲ ಗೆರೆಗಳೂ ಒಂದಕ್ಕೊಂದು ತಾಗಿರುವ ಯಾವುದೇ ಚಿತ್ರವನ್ನು ಒಂದೇ ದಾರದಲ್ಲಿ, ಎರಡೂ ಬದಿ ಒಂದೇ ಆಗುವಂತೆ ಹಾಕಿ, ಹೊರಟ ಜಾಗಕ್ಕೇ ಬಂದು ನಿಲ್ಲಬಹುದು. ಇದು ಊಹೆಯಲ್ಲ, ಮೇಲಿನ ಸಮ-ಬೆಸ ಲೆಕ್ಕವೇ ಅದರ ಸಾಧನೆ. ಚಿತ್ರದಿಂದ ಬಿಡಿಯಾಗಿ ನಿಂತ ಚುಕ್ಕೆಗೆ ಮಾತ್ರ ಬೇರೆ ದಾರ ಬೇಕು.

ಇದೇ ಪ್ರಶ್ನೆಯ ಅಣ್ಣನನ್ನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1736ರ ಹೊತ್ತಿಗೆ ಬಿಡಿಸಿದ್ದ. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಿ ಬರಲು ಸಾಧ್ಯವೇ? ಸಾಧ್ಯವಿಲ್ಲ ಎಂದ ಆಯ್ಲರ್. ಹೊರಟಲ್ಲಿಗೇ ಮರಳಬೇಕಾದರೆ ಪ್ರತಿ ದಡದಲ್ಲೂ ಸೇರುವ ಸೇತುವೆಗಳ ಸಂಖ್ಯೆ ಸಮವಾಗಿರಬೇಕು, ಅಲ್ಲಿ ಎಲ್ಲ ಕಡೆಯೂ ಬೆಸ. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ, ಮೇಲೊಮ್ಮೆ ಕೆಳಗೊಮ್ಮೆ, ಹಾಯುತ್ತೇವೆ. ಹಾಗಾಗಿ ಪ್ರತಿ ಬಿಂದುವೂ ಸಮವಾಗಿಬಿಡುತ್ತದೆ. ನಡೆದು ಮುಗಿಸಲಾಗದ ಆ ಏಳು ಸೇತುವೆಗಳ ನಕ್ಷೆಯನ್ನು ಧಾರವಾಡದ ಯಾವ ಹೆಣ್ಣುಮಗಳಾದರೂ ಕಸೂತಿಯಲ್ಲಿ ಹಾಕಿ ಮುಗಿಸಬಲ್ಲಳು. ಅಮೆರಿಕದ ಗಣಿತಜ್ಞ ಜೋಶುವಾ ಹೋಲ್ಡನ್ ಯುರೋಪಿನ ಹೊಲಿಗೆಯನ್ನು ಮುಂದಿಟ್ಟುಕೊಂಡು ಇಂಥ ಪ್ರಶ್ನೆಗಳನ್ನು ಗ್ರಾಫ್ ಸಿದ್ಧಾಂತದ ಭಾಷೆಯಲ್ಲಿ ಬರೆದಿದ್ದಾರೆ. ಕೈಗೆ ಗೊತ್ತಿದ್ದದ್ದು ಕಾಗದಕ್ಕೆ ಬರಲು ಇಷ್ಟು ಕಾಲ ಹಿಡಿಯಿತು.

ಗಂಟಿಲ್ಲದೆ ದಾರ ನಿಲ್ಲುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಕೊನೆಯ ತುಂಡನ್ನು ಹಾಕಿದ ಹೊಲಿಗೆಗಳ ಅಡಿಯಲ್ಲೇ ನಾಲ್ಕಾರು ಸಲ ತೂರಿಸಿ ಕತ್ತರಿಸುತ್ತಾರೆ, ಅಷ್ಟೆ. ಅದನ್ನು ಹಿಡಿದಿಡುವುದು ಘರ್ಷಣೆ. ದಾರ ಒಂದರ ಸುತ್ತ ಬಾಗಿದಷ್ಟೂ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹಡಗಿನ ಹಗ್ಗವನ್ನು ಗೂಟಕ್ಕೆ ಮೂರು ಸುತ್ತು ಹಾಕಿ ಒಬ್ಬನೇ ಹಿಡಿದು ನಿಲ್ಲುವುದು ಈ ಬಲದಿಂದ. ಈ ಲೆಕ್ಕ ಹಾಕಿದವರಲ್ಲೂ ಆಯ್ಲರ್ ಒಬ್ಬ. ದಾರ ಎಂಬುದೇ ಘರ್ಷಣೆಯ ಕೂಸು. ಗಿಡ್ಡ ನಾರುಗಳು ಸೇರಿ ಉದ್ದನೆಯ ಗಟ್ಟಿ ಹಗ್ಗ ಹೇಗಾಗುತ್ತದೆ ಎಂದು ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಯೋಚಿಸಿದ್ದ. 2018ರಲ್ಲಿ ಕೇಂಬ್ರಿಜ್‌ನ ರೇಮಂಡ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಅದಕ್ಕೊಂದು ಗಣಿತದ ಉತ್ತರ ಕೊಟ್ಟರು: ನಾರುಗಳ ನಡುವಿನ ತಾಗುಗಳು ಸಾಕಷ್ಟು ಹೆಚ್ಚಿದರೆ ಅವು ಒಂದನ್ನೊಂದು ಬಿಗಿಹಿಡಿಯುತ್ತವೆ, ಆಮೇಲೆ ಎಳೆದರೆ ನಾರು ಜಾರುವುದಿಲ್ಲ, ತುಂಡಾಗುತ್ತದೆ.

ಹೊಲಿಗೆ ಯಂತ್ರಕ್ಕೆ ಈ ಸಮ-ಬೆಸದ ಗೊಡವೆಯೇ ಇಲ್ಲ. ಅದರ ಸೂಜಿಗೆ ಕಣ್ಣು ಮೊನೆಯಲ್ಲಿದೆ. ಅದು ಬಟ್ಟೆಯನ್ನು ತೂರಿ ಇನ್ನೊಂದು ಬದಿಗೆ ಪೂರ್ತಿ ಹೋಗುವುದಿಲ್ಲ, ಕೆಳಗೆ ಬಾಬಿನ್ನಿನ ದಾರವನ್ನು ಸಿಕ್ಕಿಸಿಕೊಂಡು ಮೇಲೆ ಬರುತ್ತದೆ. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದದ್ದು ಈ ಏರ್ಪಾಟಿಗೆ. ಬದಿಗೊಂದು ದಾರ ಬಂದ ಮೇಲೆ ಹಿಂದಿರುಗಿ ತುಂಬುವ ಕೆಲಸವೇ ಉಳಿಯಲಿಲ್ಲ. ಯಂತ್ರದ ಕಸೂತಿ ಸೀರೆಯನ್ನು ತಿರುವಿದರೆ ಬಹುಮಟ್ಟಿಗೆ ಬೇರೆ ಬಣ್ಣದ ತೆಳು ಬಾಬಿನ್ ದಾರ ಕಾಣುವುದು ಇದರಿಂದ. ಕೊಳ್ಳುವವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಕ್ರೋಶಾದ ಕತೆ ಇನ್ನೂ ವಿಚಿತ್ರ. ಎರಡು ಕಡ್ಡಿಯ ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಯಂತ್ರ ಕಟ್ಟಿದ. ಕೊಕ್ಕೆ ಕಡ್ಡಿಯ ಕ್ರೋಶಾಕ್ಕೆ ಮಾತ್ರ ಕಾರ್ಖಾನೆಗೆ ಒಗ್ಗುವ ಯಂತ್ರ ಈವರೆಗೂ ಬಂದಿಲ್ಲ. ಪ್ರಯೋಗಶಾಲೆಗಳಲ್ಲಿ ಮಾದರಿಗಳಿವೆ, ಕ್ರೋಶಾ ಯಂತ್ರವೆಂಬ ಹೆಸರಲ್ಲಿ ಲೇಸು ನೇಯುವ ಯಂತ್ರಗಳೂ ಇವೆ, ಆದರೆ ಅವು ಹೆಣೆಯುವುದು ಬೇರೆ ಬಗೆಯ ಹೆಣಿಗೆ. ಕಡ್ಡಿಯ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಸಾಲಾಗಿ ನಿಂತಿರುತ್ತವೆ, ಯಂತ್ರಕ್ಕೆ ಅವು ಎಲ್ಲಿವೆ ಎಂದು ಗೊತ್ತು. ಕ್ರೋಶಾದಲ್ಲಿ ಕೊಕ್ಕೆಯ ಮೇಲಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಮುಂದಿನ ಕಂಬವನ್ನು, ಎಂದರೆ ಉದ್ದ ಹೊಲಿಗೆಯನ್ನು, ಹೆಣೆದು ಮುಗಿದ ಬಟ್ಟೆಯ ಯಾವ ಸಂದಿಯಲ್ಲಾದರೂ ಚುಚ್ಚಿ ಎಬ್ಬಿಸಬಹುದು, ಆ ಸಂದಿಯನ್ನು ಪ್ರತಿ ಸಲವೂ ಕಣ್ಣು, ಬೆರಳು ಹುಡುಕಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ನೇತುಹಾಕಿದ ಕ್ರೋಶಾ ಚೀಲವನ್ನೂ ಎಲ್ಲೋ ಯಾರೋ ಕೈಯಲ್ಲೇ ಹೆಣೆದಿರುತ್ತಾರೆ, ಬೆಲೆ ನೋಡಿದಾಗ ಇದನ್ನೂ ನೆನೆಯಬೇಕು.

ಇಂಥ ಹವ್ಯಾಸ ಮನಸ್ಸಿಗೆ ಒಳ್ಳೆಯದು ಎಂಬ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ 3,545 ಹೆಣಿಗೆಗಾರರು ಉತ್ತರಿಸಿದ್ದರು, ಹೆಚ್ಚು ಸಲ ಹೆಣೆಯುವವರು ಹೆಚ್ಚು ನೆಮ್ಮದಿ ಹೇಳಿಕೊಂಡರು. ಆದರೆ ಉತ್ತರಿಸಿದವರು ತಾವಾಗಿಯೇ ಮುಂದೆ ಬಂದವರು, ಹೆಣಿಗೆಯನ್ನು ಮೆಚ್ಚಿದವರು. ಬೇಸರವಾಗಿ ಕಡ್ಡಿ ಮೂಲೆಗೆಸೆದವರು ಅಂಥ ಪ್ರಶ್ನಾವಳಿ ತುಂಬುವುದಿಲ್ಲ. ಹೆಣಿಗೆಯಿಂದ ನೆಮ್ಮದಿಯೋ, ನೆಮ್ಮದಿ ಇದ್ದವರಿಗೆ ಹೆಣಿಗೆಯೋ ಎಂದು ಈ ಅಂಕಿಗಳಿಂದ ತೀರ್ಮಾನಿಸಲಾಗದು. ನನಗೆ ಕಾಣುವಂತೆ, ಎಳೆ ಎಣಿಸುವಾಗ ಬೇರೆ ಯೋಚನೆಗೆ ಎಡೆ ಸಿಗುವುದಿಲ್ಲ. ಅಷ್ಟನ್ನು ಹೇಳಲು ಸಮೀಕ್ಷೆ ಬೇಕಿಲ್ಲ.

ಕ್ರೋಶಾಕ್ಕೆ ಮರಳೋಣ. ಸೀರೆಗೆ ಕುಚ್ಚು ಹಾಕುವವರಿಗೆಲ್ಲ ಗೊತ್ತಿರುವ ಸಂಗತಿ: ಒಂದು ಚೈನಿನ ಕಮಾನಿಗೆ ಅದು ಹಿಡಿಸುವಷ್ಟು ಕಂಬ ಹಾಕಿದರೆ ಚಪ್ಪಟೆಯಾಗಿ ಕೂರುತ್ತದೆ, ಕಡಿಮೆಯಾದರೆ ಸೆಳೆದುಕೊಳ್ಳುತ್ತದೆ, ಹೆಚ್ಚು ತುರುಕಿದರೆ ನಿರಿಗೆಯೇಳುತ್ತದೆ. ದುಂಡನೆಯ ಟೀಪಾಯಿ ಹಾಸಿನಲ್ಲಿ ಇದೇ ವಿಷಯ ಅಂಕಿಯಾಗಿ ಸಿಗುತ್ತದೆ. ಗಿಡ್ಡ ಹೊಲಿಗೆಯಲ್ಲಿ ಮೊದಲ ಸುತ್ತಿಗೆ 6, ಆಮೇಲೆ 12, 18, 24, ಪ್ರತಿ ಸುತ್ತಿಗೆ ಆರು ಹೆಚ್ಚು. ಆರೇ ಏಕೆ? ಪ್ರತಿ ಸುತ್ತಿನಲ್ಲಿ ತ್ರಿಜ್ಯ ಒಂದು ಹೊಲಿಗೆಯ ಎತ್ತರದಷ್ಟು ಬೆಳೆಯುತ್ತದೆ, ಪರಿಧಿ ಅದರ 2π ಪಟ್ಟು, ಎಂದರೆ ಸುಮಾರು 6.28 ಪಟ್ಟು. ಗಿಡ್ಡ ಹೊಲಿಗೆಯ ಎತ್ತರ ಅಗಲ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಆರು. ಉಳಿದ 0.28 ಅನ್ನು ಉಲ್ಲನ್ನಿನ ಮೆದುತನ ನುಂಗಿಕೊಳ್ಳುತ್ತದೆ. ಎರಡರಷ್ಟು ಎತ್ತರದ ಕಂಬಕ್ಕೆ ಹನ್ನೆರಡು. ಆರಕ್ಕಿಂತ ಕಡಿಮೆ ಸೇರಿಸಿದರೆ ಹಾಸು ಟೋಪಿಯಾಗುತ್ತದೆ.

ಈಗ ಬೇರೆ ನಿಯಮ ಹಾಕಿಕೊಳ್ಳಿ. ಪ್ರತಿ ಸಾಲಿಗೆ ಇಷ್ಟೇ ಎಂದು ಸೇರಿಸುವ ಬದಲು, ಪ್ರತಿ ಐದು ಹೊಲಿಗೆಗೆ ಒಂದು ಹೆಚ್ಚು. 20ರಿಂದ ಹೊರಟರೆ ಮುಂದಿನ ಸಾಲು 24. ಹತ್ತು ಸಾಲಿಗೆ ಸುಮಾರು 124, ಇಪ್ಪತ್ತಕ್ಕೆ 760 ದಾಟುತ್ತದೆ. ಸಾಲಿಗೆ ಆರರಂತೆ ಸೇರಿಸಿದ್ದರೆ ಅಲ್ಲಿಗೆ ಬರೀ 140. ಇಷ್ಟೊಂದು ಅಂಚಿಗೆ ಸಮತಲದಲ್ಲಿ ಜಾಗವೇ ಇಲ್ಲ, ಅದು ಅಲೆಯಲೆಯಾಗಿ ಮಡಚಿಕೊಳ್ಳುತ್ತದೆ. ಕೋಳಿಜುಟ್ಟು ಹೂವಿನ ತಲೆ ಹಾಗಿರುವುದೂ ಅಂಚು ಒಳಭಾಗಕ್ಕಿಂತ ಹೆಚ್ಚು ಬೆಳೆಯುವುದರಿಂದಲೇ.

ಹೀಗೆ ಅಲೆಯಲೆಯಾಗಿ ಬೆಳೆಯುವ ಹೆಣಿಗೆಯ ಆಕಾರವನ್ನು ಗಣಿತಜ್ಞರು ಹೈಪರ್ಬೊಲಿಕ್ ತಲ ಎನ್ನುತ್ತಾರೆ. 19ನೇ ಶತಮಾನದಲ್ಲಿ ಲೊಬಚೆವ್‌ಸ್ಕಿ, ಬೊಯಾಯ್ ಇದರ ಜ್ಯಾಮಿತಿ ಕಟ್ಟಿದ್ದರು, ಆದರೆ ಕೈಯಲ್ಲಿ ಹಿಡಿಯಲು ಒಳ್ಳೆಯ ಮಾದರಿ ಇರಲಿಲ್ಲ. ಕಾಗದದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು ಬೇಗ ಹರಿಯುತ್ತಿತ್ತು. ಲಾಟ್ವಿಯಾದಲ್ಲಿ ಹುಟ್ಟಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಡೈನಾ ಟೈಮಿನಾ 1997ರಲ್ಲಿ ಅಂಥ ಕಾಗದದ ಮಾದರಿ ನೋಡಿ ಇದನ್ನು ಹೆಣೆಯಬಹುದಲ್ಲ ಎಂದುಕೊಂಡರು. ಮೊದಲು ಕಡ್ಡಿ ಹೆಣಿಗೆ ಹಿಡಿದರು, ಸಾಲು ಸಾಲಿಗೆ ಕುಣಿಕೆಗಳು ಹೆಚ್ಚಿ ಕಡ್ಡಿ ಹಿಡಿಸದಾಯಿತು. ಒಂದೇ ಕುಣಿಕೆಯ ಕ್ರೋಶಾ ಆಗ ಕೆಲಸಕ್ಕೆ ಬಂತು.

ಆ ಮಾದರಿಯನ್ನು ಮಡಚಿದರೆ ಮಡಿಕೆ ಬಿದ್ದಲ್ಲಿ ಒಂದು ನೇರ ಗೆರೆ. ಅದರ ಗುಂಟ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಬಹುದು. ಆ ಗೆರೆಯಾಚೆ ಒಂದು ಬಿಂದು ಗುರುತಿಸಿ, ಅದರ ಮೂಲಕ ಬೇರೆ ಬೇರೆ ಕೋನದಲ್ಲಿ ಮಡಚಿ ಇನ್ನೂ ಮೂರು ಗೆರೆ ಹೊಲಿಯಿರಿ. ಕೋನಗಳನ್ನು ಸರಿಯಾಗಿ ಆರಿಸಿದರೆ ಮೂರೂ ಮೊದಲ ಗೆರೆಯಿಂದ ದೂರ ದೂರ ಸರಿಯುತ್ತವೆ, ಒಂದೂ ಅದನ್ನು ಮುಟ್ಟುವುದಿಲ್ಲ. ಶಾಲೆಯಲ್ಲಿ ಕಲಿತ ಯೂಕ್ಲಿಡ್‌ನ ಪ್ರಕಾರ ಅಂಥ ಗೆರೆ ಒಂದೇ ಇರಬೇಕಿತ್ತು.