ವಿಕಿರಣ ಸುರಕ್ಷತೆಯ ಪ್ರಾಯೋಗಿಕ ಶಿಕ್ಷಣ

ಜಿನನಾಥಪುರದ ಸುತ್ತಣ ಹೆಬ್ಬಂಡೆಗಳಿಂದಲೂ ಅತ್ಯಲ್ಪ ವಿಕಿರಣ ಹೊಮ್ಮುತ್ತದೆ, ಅದರಿಂದ ಭಯವಿಲ್ಲ. ಕ್ಯಾನ್ಸರ್ ಚಿಕಿತ್ಸಾಯಂತ್ರದ ಮಾತು ಬೇರೆ. ಅದನ್ನು ಅಂಕೆಯಲ್ಲಿಡುವ ಭೌತವಿಜ್ಞಾನಿಗೆ ಪದವಿಯೊಂದೇ ಸಾಲದು. ಸುಸಜ್ಜಿತ ಆಸ್ಪತ್ರೆಯಲ್ಲಿ ಹನ್ನೆರಡು ತಿಂಗಳ ತರಬೇತಿಯೂ ಆಗಿರಬೇಕೆಂಬುದು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಆಸ್ಪತ್ರೆಗಳು ಇದಕ್ಕೆ ತಕ್ಕ ನೆಲೆಗಳು.

ಶಿಕ್ಷಣಾರ್ಥಿಯನ್ನು ಬರಮಾಡಿಕೊಳ್ಳುವ ಆಸ್ಪತ್ರೆ ಮೊದಲು ಆತನ ಎದೆಗೆ ಟಿ.ಎಲ್.ಡಿ. ಬಿಲ್ಲೆ ತೊಡಿಸುತ್ತದೆ. ಮೈಗೆ ತಾಗಿದ ಪ್ರಮಾಣ ಮೂರು ತಿಂಗಳಿಗೊಮ್ಮೆ ಅದರಿಂದ ತಿಳಿಯುತ್ತದೆ. ವೃತ್ತಿನಿರತರಿಗೆ ವರ್ಷಕ್ಕೆ 30 ಮಿಲಿಸೀವರ್ಟ್ ಮೀರುವಂತಿಲ್ಲ. ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕಿಳಿಯುವುದೆಂದು ಪುಸ್ತಕದಲ್ಲಿ ಓದಿದವನು ಮಾಪಕ ಹಿಡಿದು ತಾನೇ ಅಳೆದಾಗ ಅದನ್ನು ನಿಜವಾಗಿ ಅರಿಯುತ್ತಾನೆ. ಬಾಗಿಲು ತೆರೆದೊಡನೆ ಕಿರಣ ನಿಲ್ಲುವುದೇ ಎಂದು ಪರೀಕ್ಷಿಸುವುದನ್ನೂ ಕಲಿಯುತ್ತಾನೆ.

ಆದರೆ ಮುಖ್ಯ ಪಾಠವಿರುವುದು ರೋಗಿಗಳೆಲ್ಲ ಹೋದ ಮೇಲೆ, ನೀರಿನ ತೊಟ್ಟಿಯಲ್ಲಿ ಅಯಾನೀಕರಣ ಕೋಶವನ್ನಿಟ್ಟು ಯಂತ್ರದ ಕಿರಣಪ್ರಮಾಣ ಅಳೆಯುವುದರಲ್ಲಿ. ಅಲ್ಲಿ ಶೇಕಡ 5ರಷ್ಟು ತಪ್ಪಿದರೂ ಗಡ್ಡೆ ಉಳಿದೀತು, ಇಲ್ಲವೆ ಆರೋಗ್ಯವಂತ ಅಂಗಕ್ಕೆ ಹಾನಿಯಾದೀತು. ಯಂತ್ರಕ್ಕೆ ಬಿಡುವು ದುರ್ಲಭವೆಂಬುದು ನಿಜ. ಆದರೂ ಶಿಕ್ಷಣಾರ್ಥಿಯನ್ನು ದಾಖಲೆ ಪುಸ್ತಕದ ಮುಂದೆ ಕೂರಿಸಿ ವರ್ಷ ಕಳೆಯಿಸುವುದು ತರಬೇತಿಯೆನಿಸದು. ಅವನು ಅಳೆದುದನ್ನು ಹಿರಿಯ ಭೌತವಿಜ್ಞಾನಿ ಮತ್ತೊಮ್ಮೆ ಅಳೆದು ಸಹಿ ಹಾಕಬೇಕು. ಮರುದಿನದ ಮೊದಲ ರೋಗಿಯನ್ನು ಒಳಗೆ ಕರೆಯುವುದು ಆಮೇಲೆ.