ಸೂತಕ ಬೇರೆ, ಸೋಂಕು ಬೇರೆ

ಲಿಂಗಧಾರಿಯಾದವನಿಗೆ ಪಂಚಸೂತಕಗಳಿಲ್ಲವೆಂಬುದು ವೀರಶೈವ ಧರ್ಮದ ಹೆಗ್ಗಳಿಕೆಯ ಮಾತು. ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಉಚ್ಛಿಷ್ಟ ಸೂತಕ, ಜಾತಿ ಸೂತಕ ಎಂಬ ಈ ಐದನ್ನೂ ನಮ್ಮ ಹಿರಿಯರು ಒಪ್ಪಲಿಲ್ಲ. ಅಂಗದ ಮೇಲೆ ಲಿಂಗವಿರುವಾಗ ಮೈಲಿಗೆಗೆ ಎಡೆಯೆಲ್ಲಿ ಎಂಬುದು ಅವರ ನಿಲುವು. ಈ ಮಾತನ್ನು ನಾವೂ ಹಲವು ದಶಕಗಳಿಂದ ಊರೂರಿನ ಸಭೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಅದೇ ಮಾತನ್ನು ಹಿಡಿದು ಹಿರಿಯ ಭಕ್ತರೊಬ್ಬರು ಈಚೆಗೆ ನಮ್ಮನ್ನೇ ಪ್ರಶ್ನಿಸಿದರು. ಅವರಿಗೆ ಅಂದು ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಸದ್ಭಕ್ತರೆಲ್ಲರ ಮುಂದಿಡುತ್ತಿದ್ದೇವೆ.

ನಾಗರಬಾವಿಯ ಭಕ್ತರೊಬ್ಬರ ಮನೆಯಲ್ಲಿ ಇಷ್ಟಲಿಂಗ ಪೂಜೆ ಮುಗಿದಿತ್ತು. ಪ್ರಸಾದಕ್ಕೆ ಇನ್ನೂ ಸಮಯವಿತ್ತು. ಮಾಗಡಿ ಸೀಮೆಯಿಂದ ಬಂದು ಮಗನ ಮನೆಯಲ್ಲಿ ನೆಲೆಸಿರುವ, ಎಂಬತ್ತರ ಸಮೀಪದ ಯಜಮಾನರೊಬ್ಬರು ಮುಂದೆ ಬಂದು ಕೈಮುಗಿದರು. "ಬುದ್ಧೀ, ಒಂದು ಅರಿಕೆ ಐತೆ. ತಪ್ಪು ತಿಳೀಬಾರದು" ಎಂದರು. ಹೇಳಿ ಯಜಮಾನರೇ ಎಂದೆವು.

"ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ತಾವೇ ಹೇಳ್ತಿದ್ರಿ. ಕೊರೊನಾ ಬಂದಾಗ ಬಾಯಿಗೆ ಬಟ್ಟೆ ಕಟ್ಕೊಳ್ಳಿ, ದೂರ ನಿಲ್ಲಿ, ಮಠಕ್ಕೆ ಬರಬೇಡಿ ಅಂತಾನೂ ತಾವೇ ಅಪ್ಪಣೆ ಕೊಡಿಸಿದ್ರಿ. ನನ್ನ ಮನೆಯೋಳು ಹೋದಾಗ ಹತ್ರ ಹೋಗಿ ಹಣೆಗೆ ಈಬೂತಿ ಇಡೋಕಾಗಲಿಲ್ಲ. ಮಣ್ಣೂ ಸಿಗಲಿಲ್ಲ, ಸುಮನಹಳ್ಳೀಲಿ ಸುಟ್ಟುಬಿಟ್ರು. ಸೂತಕ ಇಲ್ಲ ಅಂದದ್ದು ದಿಟವಾ, ದೂರ ನಿಲ್ಲಿ ಅಂದದ್ದು ದಿಟವಾ ಬುದ್ಧೀ?"

ಕೂಡಿದ್ದವರೆಲ್ಲ ಮೌನವಾದರು. ನಾಗರಬಾವಿಯವರಿಗೆ ಸುಮನಹಳ್ಳಿ ದೂರದ ಊರಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿನ ವಿದ್ಯುತ್ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತದ್ದನ್ನು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. ಸಮಾಧಿಯೇ ಪದ್ಧತಿಯಾದ ನಮ್ಮ ಜನರಲ್ಲೂ ಎಷ್ಟೋ ಮಂದಿಯ ದೇಹಗಳು ಅಂದು ಬೆಂಕಿಗೆ ಸಂದವು. ಆ ನೋವು ಇಂದಿಗೂ ಅನೇಕ ಮನೆಗಳಲ್ಲಿ ಮಾತಿಲ್ಲದೆ ಕುಳಿತಿದೆ. ಆದ್ದರಿಂದ ಯಜಮಾನರ ಪ್ರಶ್ನೆ ಅವರೊಬ್ಬರದಾಗಿರಲಿಲ್ಲ.

ದೇಹಧರ್ಮವನ್ನು ಮರೆಯಬಾರದು

ಎರಡೂ ದಿಟವೆಂದು ನಾವು ಹೇಳಿದೆವು. ಸೂತಕವೆಂಬುದು ಮನುಷ್ಯನ ಯೋಗ್ಯತೆಯನ್ನು ಅಳೆಯುವ ಮಾತು. ಇಂಥವನು ಅಶುದ್ಧ, ಇಂಥವಳು ಮುಟ್ಟತಕ್ಕವಳಲ್ಲ ಎಂದು ಹೇಳುವುದು ಸೂತಕ. ಸೋಂಕು ದೇಹಕ್ಕೆ ಸಂಬಂಧಪಟ್ಟ ಸಂಗತಿ. ಅದಕ್ಕೆ ಕುಲವಿಲ್ಲ, ಮಡಿಯಿಲ್ಲ, ಮೈಲಿಗೆಯಿಲ್ಲ. ಲಿಂಗಧಾರಿಯು ಬೆಂಕಿಯಲ್ಲಿ ಕೈಯಿಟ್ಟರೂ ಕೈ ಸುಡುತ್ತದೆ. ಅದರಿಂದ ಅವನ ಲಿಂಗನಿಷ್ಠೆಗೆ ಕುಂದಿಲ್ಲ. ಅದು ಬೆಂಕಿಯ ಧರ್ಮ, ಇದು ದೇಹದ ಧರ್ಮ. ಲಿಂಗಧಾರಿಯ ದೇಹಕ್ಕೆ ರೋಗ ಬರುವುದೇ ಇಲ್ಲವೆಂದು ನಮ್ಮ ಆಚಾರ್ಯರು ಎಲ್ಲಿಯೂ ಹೇಳಿಲ್ಲ.

ರೇಣುಕಾಚಾರ್ಯರು ಅಗಸ್ತ್ಯ ಮಹರ್ಷಿಗೆ ಬೋಧಿಸಿದ ಸಿದ್ಧಾಂತ ಶಿಖಾಮಣಿಯಲ್ಲಿ 101 ಸ್ಥಲಗಳ ವಿವರಣೆಯಿದೆ. ಅವುಗಳಲ್ಲಿ ಮೊದಲನೆಯದು ಪಿಂಡಸ್ಥಲ. ಜನ್ಮಜನ್ಮಾಂತರದ ಪುಣ್ಯದಿಂದ ಶುದ್ಧನಾದ ದೇಹಧಾರಿ ಜೀವನನ್ನು ಅಲ್ಲಿ ಪಿಂಡವೆಂದು ಕರೆದಿದೆ. ಸಾಧನೆಯ ಮೆಟ್ಟಿಲು ಅಲ್ಲಿಂದಲೇ ಆರಂಭವಾಗುತ್ತದೆ. ದೇಹವೇ ಇಲ್ಲದ ಮೇಲೆ ದೀಕ್ಷೆ ಯಾರಿಗೆ, ಪೂಜೆ ಯಾವ ಕೈಯಿಂದ? ದೇಹವನ್ನು ಕಾಪಾಡಿಕೊಳ್ಳುವುದು ದೇಹಾಭಿಮಾನವೆನಿಸದು. ಗುರು ಕೊಟ್ಟ ಲಿಂಗಕ್ಕೆ ನೆಲೆಯಾದದ್ದನ್ನು ಜೋಪಾನ ಮಾಡುವುದು ಭಕ್ತನ ಹೊಣೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಲ್ಲಿ ರೋಗ ಹಬ್ಬಿದ್ದನ್ನು ಕಂಡ ಮೇಲೆ ಗಾಳಿ ಬೆಳಕಿಗೆ ಎಡೆಯಿರುವ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಹಳ್ಳಿಗಳಲ್ಲಿ ಇಲಿ ಬಿತ್ತೆಂಬ ಸುದ್ದಿ ಕೇಳಿದೊಡನೆ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಪ್ಲೇಗಮ್ಮನಿಗೆ ಹರಕೆ ಹೊತ್ತವರೂ ಇಲಿ ಬಿದ್ದ ಮನೆಯಲ್ಲಿ ಮಲಗಲಿಲ್ಲ. ಮಧ್ಯ ಕರ್ನಾಟಕದ ಹಲವು ಊರುಗಳಲ್ಲಿ ಹೊರಬೀಡು ಎಂಬ ಆಚರಣೆ ಉಳಿದುಬಂದಿದೆ. ಅಂದು ಊರಿಗೆ ಊರೇ ಖಾಲಿಯಾಗಿ ಹೊರಗೆ ಅಡುಗೆ ಮಾಡಿ ಉಂಡು ಸಂಜೆಗೆ ಮರಳುತ್ತದೆ. ದೈವವನ್ನು ನಂಬಿದವರೇ ಊರನ್ನೂ ಬಿಟ್ಟರು. ನಂಬಿಕೆಗೂ ಎಚ್ಚರಿಕೆಗೂ ಅವರು ಜಗಳ ಹಚ್ಚಲಿಲ್ಲ.

ಎದುರಿನವರ ಪ್ರಾಣಲಿಂಗ

ಇನ್ನು ಮುಖಗವಸಿನ ವಿಚಾರ. ನಮ್ಮ ಮನೆಗಳಲ್ಲಿ ದೇವರ ದೀಪವನ್ನು ಬಾಯಿಂದ ಊದಿ ಆರಿಸುವುದಿಲ್ಲ. ಪೂಜೆಗೆ ತಂದ ಹೂವನ್ನು ಮೊದಲೇ ಮೂಸುವುದಿಲ್ಲ. ಮಕ್ಕಳಿಗೂ ಇದನ್ನು ಕಲಿಸಿರುತ್ತೇವೆ. ಕರಸ್ಥಲದಲ್ಲಿರುವ ಇಷ್ಟಲಿಂಗದ ಮುಂದೆ ಕೆಮ್ಮು ಬಂದರೆ ಭಕ್ತನು ತಾನಾಗಿಯೇ ಮುಖ ತಿರುಗಿಸಿ ಬಾಯಿಗೆ ವಸ್ತ್ರ ಹಿಡಿಯುತ್ತಾನೆ. ಇದಕ್ಕೆ ಯಾವ ಸರ್ಕಾರದ ಆಜ್ಞೆಯೂ ಬೇಕಾಗಿಲ್ಲ.

ಲಿಂಗವು ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗವೆಂದು ಮೂರು ಬಗೆ. ಅಂಗೈಯಲ್ಲಿ ಇಷ್ಟಲಿಂಗವಾಗಿರುವ ಶಿವನೇ ಉಸಿರಿನಲ್ಲಿ ಪ್ರಾಣಲಿಂಗವಾಗಿದ್ದಾನೆ. ನಮ್ಮ ಎದುರಿಗೆ ಕುಳಿತ ಮುದುಕಿಯ ಉಸಿರಿನಲ್ಲಿಯೂ ಅವನೇ ಇದ್ದಾನೆ. ಅಂಗೈಯ ಲಿಂಗದ ಮುಂದೆ ಉಸಿರನ್ನು ಬಿಗಿಹಿಡಿಯುವವನು ಎದುರಿನವರ ಪ್ರಾಣಲಿಂಗದ ಮೇಲೆ ಕೆಮ್ಮಬಹುದೇ? ಮುಖಗವಸನ್ನು ನಾವು ಆಚಾರವೆಂದು ಕರೆಯುವುದು ಈ ಅರ್ಥದಲ್ಲಿ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದಿದೆ. ಶಿವಭಕ್ತರ ಮುಂದೆ ತಾನು ಭೃತ್ಯನೆಂದು ತಗ್ಗಿ ನಡೆಯುವುದು ಅದರ ತಿರುಳು. ಇನ್ನೊಬ್ಬರ ಪ್ರಾಣಕ್ಕಾಗಿ ತನ್ನ ಮುಖಕ್ಕೆ ಅಷ್ಟು ಇರುಸುಮುರುಸು ತಂದುಕೊಳ್ಳುವುದೂ ಭೃತ್ಯಾಚಾರವೇ.

ಇದರ ಲೌಕಿಕ ಕಾರಣವೂ ಸರಳವಾಗಿದೆ. ಮಾತಾಡುವಾಗ, ಹಾಡುವಾಗ, ಕೆಮ್ಮುವಾಗ ಕಣ್ಣಿಗೆ ಕಾಣದ ತುಂತುರು ಬಾಯಿ ಮೂಗುಗಳಿಂದ ಹೊರಡುತ್ತದೆ. ದೊಡ್ಡ ಹನಿಗಳು ಬೇಗನೆ ಕೆಳಗೆ ಬೀಳುತ್ತವೆ. ಅತಿ ಸಣ್ಣವು ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊತ್ತುಗಟ್ಟಲೆ ತೇಲುತ್ತವೆ. ಮೂಗು ಬಾಯಿ ಎರಡನ್ನೂ ಮುಚ್ಚಿದ ಗವಸು ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಬಟ್ಟೆಗಿಂತ ಎನ್-95 ಗವಸು ಹೆಚ್ಚು ಕಾಪಾಡುತ್ತದೆ. ಸಾಬೂನು ಈ ವೈರಾಣುವಿನ ಮೇಲಿನ ಕೊಬ್ಬಿನ ಪೊರೆಯನ್ನು ಕರಗಿಸುತ್ತದೆ. ಕೈ ತೊಳೆಯಿರಿ ಎಂದದ್ದು ಅದಕ್ಕಾಗಿ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಜ್ವರವಿಲ್ಲದೆ, ಕೆಮ್ಮಿಲ್ಲದೆ, ತನಗೇ ತಿಳಿಯದಂತೆ ಒಬ್ಬನು ಇನ್ನೊಬ್ಬರಿಗೆ ರೋಗ ಹಂಚಬಲ್ಲವನಾಗಿದ್ದನು. ನನಗೇನೂ ಆಗಿಲ್ಲ, ನನಗೇಕೆ ಮುಖಗವಸು ಎಂಬ ಮಾತು ಆದ್ದರಿಂದ ನಿಲ್ಲುವುದಿಲ್ಲ. ನಾವು ಅರಿಯದೆ ಮಾಡಿದ ಹಿಂಸೆಗೂ ಎದುರಿನವರ ಪ್ರಾಣ ಹೋಗುತ್ತದೆ.

ನಮ್ಮಿಂದಲೂ ತಪ್ಪಾಗಿದೆ

ಇಲ್ಲಿ ನಮ್ಮ ತಪ್ಪನ್ನು ಮುಚ್ಚಿಡಬಾರದು. 2021ರ ಆರಂಭದಲ್ಲಿ ರೋಗ ಇಳಿಮುಖವಾಗಿತ್ತು. ಮುಗಿಯಿತೆಂದು ಎಲ್ಲರಂತೆ ನಾವೂ ಭಾವಿಸಿದೆವು. ಮಾರ್ಚ್ ತಿಂಗಳಲ್ಲಿ ಒಂದು ಸಭೆಯಲ್ಲಿ ಭಕ್ತರಿಗೆ ಗುರುಗಳ ಮುಖ ಕಾಣಲೆಂದು ಗವಸನ್ನು ಗದ್ದಕ್ಕೆ ಇಳಿಸಿ ಒಂದು ತಾಸು ಆಶೀರ್ವಚನ ನೀಡಿದೆವು. ಗುರುಗಳೇ ಇಳಿಸಿದ ಮೇಲೆ ಸಭೆಯೂ ಇಳಿಸಿತು. ಅಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧ ಭಕ್ತರೊಬ್ಬರು ಏಪ್ರಿಲ್ ಕೊನೆಯಲ್ಲಿ ಇದೇ ರೋಗದಿಂದ ಲಿಂಗೈಕ್ಯರಾದರು. ಅವರಿಗೆ ಸೋಂಕು ಎಲ್ಲಿ ತಗಲಿತೆಂದು ಯಾರೂ ಹೇಳಲಾರರು. ಆದರೆ ಅಂದು ನಾವು ಮುಖಗವಸು ಇಳಿಸಿದ್ದನ್ನು ಮಾತ್ರ ನಾವು ಬಲ್ಲೆವು. ಪೂಜೆಗೆ ಕುಳಿತಾಗ ಅನೇಕ ಸಾರಿ ಅದು ನೆನಪಾಗುತ್ತದೆ. ಗುರುವಿನ ನಡೆಯನ್ನು ಶಿಷ್ಯರು ಅನುಸರಿಸುತ್ತಾರೆ. ಆದುದರಿಂದ ಗುರುವಿನ ಅಜಾಗರೂಕತೆ ಒಬ್ಬನ ಅಜಾಗರೂಕತೆಯಾಗಿ ಉಳಿಯುವುದಿಲ್ಲ.

ಸರ್ಕಾರವು ದಂಡವನ್ನೂ ವಿಧಿಸಿತು. ಬೆಂಗಳೂರಿನಂಥ ನಗರಗಳಲ್ಲಿ ಮುಖಗವಸಿಲ್ಲದವರಿಗೆ 1000 ರೂಪಾಯಿ ಎಂದು ಹೇಳಿ, 2020ರ ಅಕ್ಟೋಬರಿನಲ್ಲಿ ಅದನ್ನು 250ಕ್ಕೆ ಇಳಿಸಿತು. ದಂಡ ಬೇಕಾಗಿತ್ತೇನೋ. ಆದರೆ ದಂಡಕ್ಕೆ ಹೆದರಿ ಕಟ್ಟಿದ ಬಟ್ಟೆ ಪೊಲೀಸರು ಮರೆಯಾದೊಡನೆ ಗದ್ದಕ್ಕೆ ಇಳಿಯುತ್ತದೆ. ಎದುರಿನವರ ಪ್ರಾಣವನ್ನು ನೆನೆದು ಕಟ್ಟಿದ್ದು ಇಳಿಯುವುದಿಲ್ಲ. ರಾಜಾಜ್ಞೆ ಮುಗಿಯುವಲ್ಲಿ ಆಚಾರದ ಕೆಲಸ ಮೊದಲಾಗುತ್ತದೆ.

ಮತ್ತೆ ತಲೆಯೆತ್ತಿದ ಸೂತಕ

ಇನ್ನೊಂದು ತಪ್ಪು ಸಮಾಜದ್ದು. ದೂರ ನಿಲ್ಲಿ ಎಂಬ ಮಾತು ಕೆಲವರ ಬಾಯಲ್ಲಿ ದೂರ ಹೋಗು ಎಂದಾಯಿತು. ರೋಗ ಬಂದ ಮನೆಗೆ ಹಾಲು ತರಕಾರಿ ಸಿಗದಂತೆ ಮಾಡಿದವರಿದ್ದರು. ಆಸ್ಪತ್ರೆಯಲ್ಲಿ ಹಗಲಿರುಳು ದುಡಿದ ದಾದಿಯರಿಗೆ ಬಾಡಿಗೆ ಮನೆ ಬಿಡಲು ಹೇಳಿದವರಿದ್ದರು. ಗುಣಮುಖರಾಗಿ ಬಂದವರನ್ನೂ ತಿಂಗಳುಗಟ್ಟಲೆ ಅನುಮಾನದಿಂದ ನೋಡಿದವರಿದ್ದರು. ಭಕ್ತರೇ, ನಮ್ಮ ಹಿರಿಯರು ಹೊರಹಾಕಿದ ಸೂತಕ ಎಂದರೆ ಇದೇ. ಅದು ಆರೋಗ್ಯದ ವೇಷ ಧರಿಸಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿತು. ಮುಖಗವಸು ಕಟ್ಟಿಕೊಂಡು ರೋಗಿಯ ಬಾಗಿಲಿಗೆ ಊಟ ಇಟ್ಟು ಬಂದವನು ಸೋಂಕನ್ನು ತಡೆದನು, ಸೂತಕವನ್ನೂ ಮೀರಿದನು. ಆ ಬಾಗಿಲಿಗೆ ಬೆನ್ನು ತಿರುಗಿಸಿದವನು ಎಷ್ಟು ಸಾರಿ ಕೈ ತೊಳೆದರೂ ಶುದ್ಧನಾಗಲಿಲ್ಲ.

ಜನಜಂಗುಳಿಯೇ ಭಕ್ತಿಯಲ್ಲ

ಈ ರೋಗಕ್ಕೆ ಭಾರತದಲ್ಲಿ ಮೊದಲು ಬಲಿಯಾದವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಅದೇ ಜಿಲ್ಲೆಯ ಒಂದು ಊರಿನಲ್ಲಿ ಏಪ್ರಿಲ್ 16ರಂದು, ದೇಶಕ್ಕೆ ದೇಶವೇ ಬಾಗಿಲು ಹಾಕಿದ್ದಾಗ, ಭಕ್ತರು ತೇರು ಎಳೆದರು. ಅವರ ಭಕ್ತಿಯನ್ನು ನಾವು ಹೀಗಳೆಯಲಾರೆವು. ಒಂದು ವರ್ಷ ತೇರು ನಿಂತರೆ ಊರಿಗೆ ಕೇಡೆಂಬ ಅಂಜಿಕೆ ನಮ್ಮ ಜನರ ರಕ್ತದಲ್ಲಿದೆ. ಆದರೆ ವೀರಶೈವನ ದೇವರು ತೇರಿನಲ್ಲಿ ಮಾತ್ರ ಇಲ್ಲ. ಗುರುವು ಇಷ್ಟಲಿಂಗವನ್ನು ಅವನ ಅಂಗೈಗೇ ಕೊಟ್ಟಿದ್ದಾನೆ. ಗುಡಿಯ ಬಾಗಿಲು ಮುಚ್ಚಿದರೂ ಪೂಜೆ ನಿಲ್ಲದ ಧರ್ಮ ನಮ್ಮದು. 2020ರ ಏಪ್ರಿಲ್ 26ರಂದೂ 2021ರ ಮೇ 14ರಂದೂ ಬಸವ ಜಯಂತಿಯನ್ನು ಜನ ತಮ್ಮ ತಮ್ಮ ಮನೆಯೊಳಗೇ ಆಚರಿಸಿದರು. ಮೆರವಣಿಗೆ ಇಲ್ಲದಿದ್ದುದರಿಂದ ಬಸವಣ್ಣನವರಿಗೆ ಏನೂ ಕಡಿಮೆಯಾಗಲಿಲ್ಲ.

ಮಠಗಳ ಕರ್ತವ್ಯವೂ ಅಂದು ಬದಲಾಯಿತು. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷೋಪಲಕ್ಷ ಜನ ಸೇರುತ್ತಾರೆ. 2021ರ ಮೇ ತಿಂಗಳಲ್ಲಿ ಅದೇ ಮಠವು ತನ್ನ ಕಟ್ಟಡವನ್ನು ಕೋವಿಡ್ ರೋಗಿಗಳ ಆಸ್ಪತ್ರೆಯಾಗಿ ಮಾಡಿತು. ದಾಸೋಹವೆಂದರೆ ಅನ್ನವಷ್ಟೇ ಎಂದು ತಿಳಿದವರಿಗೆ ಉಸಿರೂ ದಾಸೋಹವಾಗಬಹುದೆಂದು ಅದು ತೋರಿಸಿಕೊಟ್ಟಿತು.

ಯಜಮಾನರಿಗೆ ಹೇಳಿದ್ದು

ಕೊನೆಗೆ ಯಜಮಾನರ ಮಡದಿಯ ವಿಷಯ. ಅವರ ಪ್ರಶ್ನೆಯ ನಿಜವಾದ ಮುಳ್ಳು ಅಲ್ಲಿತ್ತು. ಶಿವನು ಅಷ್ಟಮೂರ್ತಿ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ, ಸೂರ್ಯ, ಚಂದ್ರ, ಆತ್ಮ, ಈ ಎಂಟೂ ಅವನ ರೂಪಗಳೇ. ಸಮಾಧಿಯು ನಮ್ಮ ಪದ್ಧತಿ. ಅದನ್ನು ಸಾಧ್ಯವಿರುವಾಗ ಬಿಡಬಾರದು. ಆದರೆ ಆಪತ್ಕಾಲದಲ್ಲಿ ಮಣ್ಣೆಂಬ ಶಿವನ ಮಡಿಲು ಸಿಗದವಳನ್ನು ಬೆಂಕಿಯೆಂಬ ಶಿವನು ತೆಗೆದುಕೊಂಡನು. ನಿತ್ಯ ನಾವು ಹಣೆಗೆ ಧರಿಸುವ ವಿಭೂತಿಯೂ ಬೆಂಕಿಯನ್ನು ಹಾದು ಬಂದುದೇ ಅಲ್ಲವೇ? ಪ್ರಾಣವು ಲಿಂಗದಲ್ಲಿ ಒಂದಾದ ಮೇಲೆ ಐಕ್ಯಕ್ಕೆ ಯಾವ ಕೊರತೆಯೂ ಇಲ್ಲ. "ಯಜಮಾನರೇ, ತಾವು ಹತ್ತಿರ ಹೋಗದಿದ್ದುದು ಮೈಲಿಗೆಯೆಂದು ಅಲ್ಲ. ಮನೆಯ ಮೊಮ್ಮಕ್ಕಳು ಉಳಿಯಲೆಂದು. ಆ ತಾಯಿಗೂ ಅದೇ ಬೇಕಾಗಿತ್ತು" ಎಂದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ವಿಭೂತಿ ಬೇಡಿದರು. ಅವರ ಹಣೆಗೆ ಇಟ್ಟೆವು. ಇನ್ನೊಂದಿಷ್ಟನ್ನು ಅಂಗೈಗೆ ಹಾಕಿಸಿಕೊಂಡು, ಮಡದಿಯ ಭಾವಚಿತ್ರಕ್ಕೆಂದು ಕಾಗದದಲ್ಲಿ ಕಟ್ಟಿಕೊಂಡರು.

ಆ ರೋಗದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿದೆ. ವೈರಾಣು ಲೋಕವನ್ನು ಬಿಟ್ಟು ಹೋಗಿಲ್ಲ. ಮುಂದೆ ಬೇರೊಂದು ಬರಲೂಬಹುದು. ಆದ್ದರಿಂದ ಕೆಲವು ಆಚಾರಗಳನ್ನು ಉಳಿಸಿಕೊಳ್ಳೋಣ. ನೆಗಡಿ ಕೆಮ್ಮು ಇರುವಾಗ ಸಭೆಗೆ ಬರಬೇಕಾದರೆ ಮುಖಗವಸು ಧರಿಸಿ ಬರಬೇಕು. ಜ್ವರವಿದ್ದರೆ ಮನೆಯಲ್ಲಿಯೇ ಲಿಂಗಪೂಜೆ ಮಾಡಿಕೊಳ್ಳಬೇಕು. ಅಂದು ಮಠಕ್ಕೆ ಬಾರದಿರುವುದೇ ಗುರುಸೇವೆ. ಪಾದೋದಕ, ಪ್ರಸಾದಗಳನ್ನು ಒಂದೇ ಬಟ್ಟಲಿಗೆ ಹಲವರು ಕೈಯದ್ದದೆ ಉದ್ಧರಣೆಯಿಂದ, ಸೌಟಿನಿಂದ ನೀಡಬೇಕು. ಜನ ಕೂಡಿದ ಕಡೆ ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು. ವೈದ್ಯರು ಹೇಳಿದ ಲಸಿಕೆಯನ್ನು ಹಿರಿಯರು ಅಲಕ್ಷಿಸಬಾರದು. ಎಲ್ಲಕ್ಕೂ ಮಿಗಿಲಾಗಿ, ರೋಗಿಯನ್ನು ಯಾರೂ ಹಳಿಯಬಾರದು.

ಅಂಗೈಯ ಲಿಂಗಕ್ಕೆ ತೋರುವ ಭಯಭಕ್ತಿಯನ್ನು ಎದುರಿನವರ ಉಸಿರಿಗೂ ತೋರುವ ಬುದ್ಧಿಯನ್ನು ಪರಶಿವನು ನಮಗೆಲ್ಲರಿಗೂ ಕರುಣಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.